ಮಡಿವಂತನ ತಲೆಗೆ ಕಟ್ಟಿದ ತಪ್ಪು

ನನ್ನ ಗೆಳೆಯನಿಗೆ ಆಫೀಸಿನಲ್ಲಿ ‘ಮಡಿವಂತ’ ಎಂದು ಹೆಸರಿಟ್ಟಿದ್ದೆವು. ಲಿಫ್ಟ್ ನಡೆಸುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಲಿನಕ್ಸ್ ತಂತ್ರಾಂಶ ಕಟ್ಟಿ ತುಂಬುವುದು ನಮ್ಮ ಕೆಲಸ. ಅವನು ಪ್ರತಿ ಸಲವೂ ಪೆಟ್ಟಿಗೆಯನ್ನು ಪೂರ್ತಿ ಅಳಿಸಿ, ಎಲ್ಲವನ್ನೂ ಮೊದಲಿನಿಂದ ಕಟ್ಟಿ ತುಂಬಿ, ಅದು ತಾನಾಗಿ ಎದ್ದು ನಿಂತ ಮೇಲೆಯೇ ‘ಆಯಿತು’ ಅನ್ನುತ್ತಿದ್ದ. “ಇವನ ಪೆಟ್ಟಿಗೆ ಮುಟ್ಟಬೇಡ್ರೋ, ಮೈಲಿಗೆ ಆಗುತ್ತೆ!” ಎಂದು ನಗುತ್ತಿದ್ದೆವು. ಅವನೂ ನಗುತ್ತಿದ್ದ, ನಮ್ಮ ಚಹಾದ ಲೋಟಗಳನ್ನು ಕೀಬೋರ್ಡಿನಿಂದ ದೂರ ಸರಿಸುತ್ತಾ.

ಹೋದ ತಿಂಗಳು ಅವನ ಎದೆಬಡಿತ ನಿಂತಿತು.

ಸಂತಾಪ ಸಭೆಯಲ್ಲಿ ಮ್ಯಾನೇಜರ್ ಕಣ್ಣೊರೆಸಿಕೊಂಡರು. “ಪಾಪ, ಕೊನೆಕೊನೆಗೆ ಅವನಿಗೆ ಗಮನ ಇರಲಿಲ್ಲ. ಒಂದು ಲೈಬ್ರರಿ ಸೇರಿಸೋದು ಮರೆತ, ಗಿರಾಕಿಗೆ ಕಳಿಸಿದ ಪೆಟ್ಟಿಗೆಗಳೆಲ್ಲ ಸತ್ತು ಕೂತವು. ಹೋಗಲಿ, ಕ್ಷಮಿಸೋಣ.” ಮುಂದಿನ ಸಾಲಿನಲ್ಲೇ ಅವನ ಅಕ್ಕ ಕೂತಿದ್ದರು. ಕ್ಷಮಿಸುವುದಂತೆ! ಹೊರಗೆ ಬಂದಾಗ ಅಕ್ಕ ನನ್ನ ಕೈ ಹಿಡಿದು, “ನಿಜವೇನಪ್ಪ? ನನ್ನ ತಮ್ಮ ಮರೆತನಾ?” ಎಂದರು.

ಮರೆತಿರಲಿಲ್ಲ. ಲೈಬ್ರರಿ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲು. ಅದು ಪೆಟ್ಟಿಗೆಯೊಳಗೆ ಇಲ್ಲದಿದ್ದರೆ ಅವು ಏಳುವುದೇ ಇಲ್ಲ. ಪರೀಕ್ಷೆಗೆ ಇಟ್ಟಿದ್ದ ಪೆಟ್ಟಿಗೆ ಹಾಗೆ ಮಲಗಿದಾಗ ಅವನು, ಲೈಬ್ರರಿಯನ್ನು ಎಲ್ಲ ಪೆಟ್ಟಿಗೆಗಳಿಗೂ ಹೋಗುವ ಬಿಲ್ಡ್‌ಗೇ ಸೇರಿಸಿ ಎಲ್ಲವನ್ನೂ ಮತ್ತೆ ಕಟ್ಟಬೇಕೆಂದು ಹಟ ಹಿಡಿದ. ಮ್ಯಾನೇಜರಿಗೆ ಅವಸರ. ತಾವೇ ಬಂದು ಆ ಒಂದು ಪೆಟ್ಟಿಗೆಗೆ ಫೈಲನ್ನು ತುರುಕಿ, “ನೋಡು, ಓಡ್ತಿದೆಯಲ್ಲ. ಕಳಿಸು” ಎಂದರು.

“ಸರ್, ಇದೊಂದಕ್ಕೆ ಉಣಿಸಿದ್ರೆ ಉಳಿದವುಗಳ ಹೊಟ್ಟೆ ತುಂಬುತ್ತಾ?”

“ನಿನ್ನ ಮಡಿ ನಿನ್ನ ಮನೇಲಿ ಇಟ್ಕೊ.”

ಸಂತಾಪ ಸಭೆಯ ಮರುದಿನ ಮೀಟಿಂಗಿನಲ್ಲಿ ಆ ಪರೀಕ್ಷೆಯ ಪೆಟ್ಟಿಗೆಯನ್ನೇ ಮೇಜಿನ ಮೇಲಿಟ್ಟೆ. ಓಡುತ್ತಿತ್ತು. ಎಲ್ಲರೆದುರು ಅಳಿಸಿ, ಗಿರಾಕಿಗೆ ಹೋದದ್ದನ್ನೇ ತುಂಬಿದೆ. ಪರದೆಯ ಮೇಲೆ ಒಂದೇ ಸಾಲು ಬಂತು: ಲೈಬ್ರರಿ ಸಿಗಲಿಲ್ಲ.

“ಇಷ್ಟು ದಿನ ಓಡ್ತಿತ್ತಲ್ಲ ಸರ್, ಇದಕ್ಕೆ ಯಾರು ಹಾಕಿದ್ದು?”

“ಸತ್ತವನ ವಿಷಯ ಈಗ್ಯಾಕೆ ಕೆದಕ್ತೀಯ?”

“ಸತ್ತವನ ತಲೆಗೆ ಕಟ್ಟಿದ್ದು ನೀವು.”

ತಲೆಗಳೆಲ್ಲ ತಗ್ಗಿದವು. ಅಂದು ಕಣ್ಣಾರೆ ಕಂಡಿದ್ದವರ ತಲೆಗಳೇ! ಪರೀಕ್ಷೆ ನಡೆಸುವವಳು ಮಾತ್ರ ಬಾಯಿಬಿಟ್ಟಳು. “ನೀವೇ ಹಾಕಿದ್ರಿ ಸರ್. ನನ್ನ ಪೆನ್‌ಡ್ರೈವ್ ಇಸ್ಕೊಂಡಿದ್ರಿ. ಇನ್ನೂ ವಾಪಸ್ ಕೊಟ್ಟಿಲ್ಲ.”

“ಆಯ್ತಪ್ಪ, ಎಲ್ಲರದೂ ತಪ್ಪಿದೆ” ಎಂದು ಮ್ಯಾನೇಜರ್ ಎದ್ದು ಹೋದರು.

ಎಲ್ಲರದಂತೆ! ಸುಳ್ಳು ಹೇಳಲು ಸಭೆ ಕರೆದವರು ಅದನ್ನು ತಿದ್ದಲು ಕರೆಯಲಿಲ್ಲ. ಸಂಜೆ ಅವಳನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಅಕ್ಕ ಅಂದರು: “ಊಟ ಮರೀತಿದ್ದ. ನನಗೆ ಫೋನ್ ಮಾಡೋದು ಮರೀತಿದ್ದ. ಕೆಲಸ ಮರೆತ ಅಂದಾಗ, ನಾವು ಮಸಣಕ್ಕೆ ಹೊತ್ತದ್ದು ಬೇರೆ ಯಾರನ್ನೋ ಏನೋ ಅನ್ನಿಸಿಬಿಟ್ಟಿತ್ತು ಕಣಪ್ಪ.”