ದೊರೆಗೆ ಜೀರುಂಡೆ ಸಾಕಿದ ಕತ್ತರಿಯಣ್ಣ

ಬೀದಿಯವರೆಲ್ಲ ಅವನನ್ನು ಕತ್ತರಿಯಣ್ಣ ಅಂತಲೇ ಕರೆಯೋದು. ಅಪ್ಪನ ಕಾಲದ ಎರಡು ಕುರ್ಚಿಯ ಕ್ಷೌರದಂಗಡಿ, ಅದರ ಹಿಂದೊಂದು ಸಣ್ಣ ಕೋಣೆ, ಮೇಲ್ಗಡೆ ಅಕ್ಕನ ಜೊತೆ ವಾಸ. ಐವತ್ತು ಹತ್ತಿರ ಬಂದರೂ ಮದುವೆ ಆಗಿರಲಿಲ್ಲ. ತಮ್ಮಂದಿರ ಮದುವೆಗೆ ಒಬ್ಬೊಬ್ಬರ ಗಡ್ಡ ಕೆರೆದು ಕಳಿಸಿದ್ದೇ ಕಳಿಸಿದ್ದು, ತನ್ನ ಸರದಿ ಯಾವಾಗ ದಾಟಿಹೋಯಿತೋ ಅವನಿಗೇ ತಿಳಿಯಲಿಲ್ಲ. ಅದಕ್ಕಾಗಿ ಮುಖ ಸಪ್ಪಗೆ ಮಾಡಿಕೊಂಡು ಕೂತವನೂ ಅಲ್ಲ ಅನ್ನಿ. ಆದರೆ ಎದುರಿನ ಮಹಡಿಯಲ್ಲಿ ಒಬ್ಬಾಕೆ ಫೋಟೊ ಸ್ಟುಡಿಯೋ ತೆರೆದಮೇಲೆ ಕತೆಯೇ ಬೇರೆಯಾಯಿತು. ಗಂಡ ತೀರಿಕೊಂಡು ಎಷ್ಟೋ ವರ್ಷವಾದ, ಬೀದಿಗೆಲ್ಲ ಕೇಳುವಂತೆ ನಗುವ ಹೆಂಗಸು. ಆಕೆ ಬಾಗಿಲು ತೆಗೆಯುವ ಹೊತ್ತಿಗೆ ಇವನು ಗಿರಾಕಿಯ ಅರ್ಧ ಮೀಸೆ ಹಾಗೇ ಬಿಟ್ಟು ಮಹಡಿ ನೋಡುತ್ತ ನಿಂತುಬಿಡುತ್ತಿದ್ದ. ಆಕೆಗೂ ಅದು ಮೇಲಿಂದ ಕಾಣದೆ ಇರಲಿಲ್ಲ.

ಆಕೆಯ ಹತ್ತಿರ ಒಂದು ಓತಿಕ್ಯಾತ ಇತ್ತು. ನಗಬೇಡಿ, ಸಾಕಿದ್ದು! ಮೊಳಕ್ಕೆ ತುಸು ಕಡಿಮೆ ಉದ್ದ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ, ಹೆಸರು ದೊರೆ. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ದೀಪದ ಕೆಳಗೆ ಕಣ್ಣು ಮುಚ್ಚಿ ಮಲಗಿರುತ್ತಿತ್ತು. ಅದರ ಊಟ ಜೀರುಂಡೆ, ಅದೂ ಜೀವಂತ. ದೂರದ ಅಂಗಡಿಯಿಂದ ಬಸ್ಸಿನಲ್ಲಿ ಪಾರ್ಸಲ್ ಬರುತ್ತಿತ್ತು. ಬರುವಷ್ಟರಲ್ಲಿ ಹುಳಗಳ ಜೀವ ಅರ್ಧ ಹೋಗಿರುತ್ತಿತ್ತು.

ಒಂದು ದಿನ ಆಕೆ ಕ್ಷೌರದಂಗಡಿಗೇ ಬಂದು, ಅವನ ಅಕ್ಕನ ಮುಂದೆ ನಿಂತು ಕಣ್ಣೊರೆಸಿಕೊಂಡಳು. "ದೊರೆ ಏನೂ ತಿಂತಿಲ್ಲ ಅಕ್ಕ. ಮೂಳೆ ಕಾಣ್ತಿದೆ. ಡಾಕ್ಟರು ಹೇಳಿದ್ರು, ಸೊರಗಿದ ಹುಳ ಹಾಕಿದ್ರೆ ಇದೂ ಸೊರಗದೆ ಇನ್ನೇನಾಗುತ್ತೆ, ಚೆನ್ನಾಗಿ ತಿಂದು ಕೊಬ್ಬಿದ ಹುಳ ಹಾಕಿ, ಇಲ್ಲಾಂದ್ರೆ ಉಳಿಯೋದು ಕಷ್ಟ ಅಂತ. ನನ್ನ ಸ್ಟುಡಿಯೋದಲ್ಲಿ ಫೋಟೊ ತೊಳೆಯೋ ಔಷಧದ ಘಾಟು, ಅಲ್ಲಿ ಹೇಗೆ ಸಾಕಲಿ?"

ಬೇರೆಯವರಾದರೆ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಿದ್ದರು. ನಮ್ಮ ಕತ್ತರಿಯಣ್ಣನ ಬಾಯಿ ಸುಮ್ಮನಿರಬೇಕಲ್ಲ! "ನಾನು ಸಾಕ್ತೀನಿ ಬಿಡಿ ಮೇಡಂ, ಹಿಂದಿನ ಕೋಣೆ ಖಾಲಿ ಬಿದ್ದಿದೆ" ಅಂದೇಬಿಟ್ಟ. ಜೀರುಂಡೆಯ ತಲೆ ಯಾವುದು ಬಾಲ ಯಾವುದು ಅಂತಲೂ ಅವನಿಗೆ ಗೊತ್ತಿರಲಿಲ್ಲ.

ಪಾರ್ಸಲ್ ಬಂತು. ಹುಳ ಆದರೇನು, ಮೇಡಂ ಮನೆಯ ಹುಳ, ಕೊಳಕಲ್ಲಿ ಇರಬಾರದು ಅಂದುಕೊಂಡು ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಅಂಗಡಿಯ ಕುರ್ಚಿ ಒರೆಸುವ ಹಾಗೆಯೇ ಒರೆಸಿದ. ಡೆಟಾಲು ಹಾಕಿ ಉಜ್ಜಿದ, ಮೇಲೆ ಗಡ್ಡಕ್ಕೆ ಹಚ್ಚುವ ಲೋಷನ್ನನ್ನೂ ಪುಸ್ಸ್ ಅಂತ ಹೊಡೆದ. ಬಾಯಾರೀತು ಅಂತ ಬಟ್ಟಲು ತುಂಬ ನೀರಿಟ್ಟ. ಬೆಳಿಗ್ಗೆ ಮುಚ್ಚಳ ತೆಗೆದರೆ ಅರ್ಧ ನೀರಿನಲ್ಲಿ ತೇಲುತ್ತಿವೆ, ಇನ್ನರ್ಧ ಕಾಲು ಮೇಲೆ ಮಾಡಿ ಬಿದ್ದಿವೆ.

"ಏನೋ ಇದು, ಹುಳಗಳಿಗೂ ಶೇವಿಂಗ್ ಮಾಡಿ ಕಳಿಸಿದ್ಯಾ?" ಅಂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸುಮ್ನಿರೇ ಅಕ್ಕ, ಅಲ್ಲಿ ಒಂದು ಜೀವ ಹೋಗ್ತಿದೆ" ಅಂದ ಅವನು.

ಮುಚ್ಚಿಡುವ ಬುದ್ಧಿ ಅವನದಲ್ಲ. ನೇರ ಸ್ಟುಡಿಯೋದ ಮೆಟ್ಟಿಲು ಹತ್ತಿ, "ಎಲ್ಲ ಕೊಂದುಬಿಟ್ಟೆ ಮೇಡಂ" ಅಂತ ಡಬ್ಬಿ ಚಾಚಿದ. ಆಕೆ ಬೈಯುತ್ತಾಳೆ ಅಂದುಕೊಂಡಿದ್ದ. ಆಕೆ ಡಬ್ಬಿ ಮೂಸಿ ನೋಡಿದಳು. "ರೀ, ಇದರ ಘಮಕ್ಕೆ ನಾನೇ ಮೂರ್ಛೆ ಹೋಗ್ತೀನಿ, ಪಾಪ ಹುಳ ಏನು ಮಾಡೀತು?" ಅಂತ ನಕ್ಕಳು. ಆಮೇಲೆ ಗಂಭೀರವಾಗಿ, "ಇನ್ನೊಂದು ಪಾರ್ಸಲ್ ತರಿಸ್ತೀನಿ. ನಿಮ್ಮಿಂದ ಆಗುತ್ತಾ ಹೇಳಿ. ದೊರೆಗೆ ಹೆಚ್ಚು ದಿನ ಇಲ್ಲ" ಅಂದಳು.

"ಆಗುತ್ತೆ" ಅಂದ.

ಈ ಸಲ ಬಿಸಿನೀರು ಬಿಟ್ಟು ಇನ್ನೇನೂ ಮುಟ್ಟಿಸಲಿಲ್ಲ. ಡಬ್ಬಿ ತೊಳೆದು ಬಿಸಿಲಿಗೆ ಖಡಕ್ಕಾಗಿ ಒಣಗಿಸಿದ, ಮುಚ್ಚಳ ಕೊರೆದು ಗಾಳಿಯಾಡಲು ತಂತಿಬಲೆ ಕೂರಿಸಿದ. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಒಳಗೆ ನೆಟ್ಟಗೆ ನಿಲ್ಲಿಸಿದ. ಒತ್ತೊತ್ತಾಗಿ ತುಂಬಿದರೆ ಒಂದನ್ನೊಂದು ಕಡಿದು ತಿನ್ನುತ್ತವೆ ಅಂತ ಆಕೆ ಹೇಳಿದ್ದಕ್ಕೆ ಎರಡು ಡಬ್ಬಿ ಮಾಡಿದ. ನೀರಿನ ಬಟ್ಟಲು ಹೋಗಿ ಕ್ಯಾರೆಟ್ ಚೂರು ಬಂತು, ತಿನ್ನೋದಕ್ಕೆ ಗೋಧಿ ಬೂಸ, ಎರಡೆರಡು ಸಲ ತೊಳೆದ ಸೊಪ್ಪು. ಬಾಡಿದ ಚೂರು, ಸತ್ತ ಹುಳ ಕಂಡ ಕೂಡಲೇ ಹೊರಗೆ. ಪಕ್ಕದಲ್ಲೊಂದು ಬಲ್ಬು ಉರಿಸಿ ಕೋಣೆ ಬೆಚ್ಚಗಿಟ್ಟ. ತನ್ನ ತಲೆಗೆ ಹಚ್ಚುತ್ತಿದ್ದ ಸುವಾಸನೆಯ ಎಣ್ಣೆಯನ್ನೂ ಬಿಟ್ಟ ಅಂದರೆ ನೋಡಿ! ಗಿರಾಕಿಗಳು ಕಾದು ಕೂತಿದ್ದರೂ ನಡುವೆ ಎದ್ದುಹೋಗಿ ಇಣುಕಿ ಬರುತ್ತಿದ್ದ. "ಕತ್ತರಿಯಣ್ಣ, ಒಳಗೆ ಬಾಣಂತಿ ಇದಾಳಾ?" ಅಂತ ಅವರು ಕಾಲೆಳೆಯುತ್ತಿದ್ದರು.

ಒಂದು ಸಂಜೆ ಕತ್ತರಿ ಆಡಿಸುತ್ತಿದ್ದಾಗ ಹಿಂದಿನ ಕೋಣೆಯಿಂದ ಕಿರ್ರ್ ಕಿರ್ರ್ ಶುರುವಾಯಿತು. ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಕೋಣೆಯೇ. ಸೊರಗಿದ ಹುಳ ಹೀಗೆ ಕೂಗುತ್ತದೆಯೇ? ಅವನು ಗಿರಾಕಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಕೇಳಿಸ್ತಾ? ಕೇಳಿಸ್ತಾ?" ಅಂತ ಅಲ್ಲಾಡಿಸಿಬಿಟ್ಟ.

ಮರುದಿನ ಅಂಗಡಿ ಮುಚ್ಚಿ, ಕೊಬ್ಬಿದ ಹುಳಗಳನ್ನು ಚೀಲಕ್ಕೆ ಹಾಕಿ, ಡಾಕ್ಟರು ಕೊಟ್ಟ ಸುಣ್ಣದಂಶದ ಪುಡಿಯಲ್ಲಿ ಕುಲುಕಿ ತೆಗೆದುಕೊಂಡು ಹೋದ. ಆಕೆ ಗಾಜಿನ ಬಾಗಿಲು ಸರಿಸಿದಳು. ಬೆಳ್ಳಗೆ ಪುಡಿ ಮೆತ್ತಿದ ಜೀರುಂಡೆ ದೊರೆಯ ಮೂಗಿನ ಮುಂದೆ ಚಂಗನೆ ನೆಗೆಯಿತು. ದೊರೆ ಒಂದು ಕಣ್ಣು ತೆರೆಯಿತು, ಮತ್ತೆ ಮುಚ್ಚಿತು. ಆಕೆ ಉಸಿರು ಬಿಗಿಹಿಡಿದಳು. ಹುಳ ಇನ್ನೊಮ್ಮೆ ನೆಗೆಯಿತು. ದೊರೆ ಕತ್ತೆತ್ತಿ ಓರೆಯಾಗಿ ನೋಡಿತು, ನಾಲಿಗೆ ಫಕ್ಕನೆ ಹೊರಬಂತು, ಕರುಂ ಕರುಂ ಅಂತ ಅಗಿಯಿತು. ಆಮೇಲೆ ಇನ್ನೊಂದು. ಮತ್ತೂ ಒಂದು.

"ತಿಂತು ರೀ! ತಿಂತು!" ಆಕೆ ಅವನ ಎರಡೂ ಕೈ ಹಿಡಿದು ಕುಣಿದಳು. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಎಷ್ಟೋ ದಿನದಿಂದ ಕನ್ನಡಿ ಮುಂದೆ ನಿಂತು ಕಲಿತಿದ್ದ ಮಾತೆಲ್ಲ ಮರೆತುಹೋಗಿ, "ಇನ್ಮೇಲೆ ದಿನಾ ತಂದುಕೊಡ್ತೀನಿ ಮೇಡಂ" ಅಂದ ಅಷ್ಟೇ.

ಆಕೆ ಕೈ ಬಿಡಲಿಲ್ಲ. "ದಿನಾ ಯಾಕ್ರೀ ಮೆಟ್ಟಿಲು ಹತ್ತಿ ಇಳೀತೀರಿ? ಮದುವೆ ಆದ್ಮೇಲೆ ಆ ಡಬ್ಬಿ ಯಾವ ಕೋಣೇಲಿ ಇಡೋಣ, ಅದನ್ನ ಮೊದಲು ಹೇಳಿ" ಅಂದಳು.