ಪೂಜೆಗೆ ಪುರುಸೊತ್ತು ಸಿಗದ ಕಾಕಾ

ಕಳೆದ ಭಾನುವಾರ ನನ್ನನ್ನು ನೋಡಲು ಬಂದ ಹುಡುಗ ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರವಾಗಿ ಬಂದಿದ್ದ. ಬೆಳಗಾವಿಯ ನಮ್ಮ ಮನೆಯ ಹಿತ್ತಲಿನಲ್ಲಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಒಳಗೆ ಬಂದು ಕುಳಿತ. ಚಹಾ ಕೊಡಲು ಬಾಗಿದಾಗ ಹಸಿ ವಿಭೂತಿ ಮತ್ತು ಯಂತ್ರದ ಎಣ್ಣೆಯ ವಾಸನೆ ಒಟ್ಟಿಗೇ ಬಂತು. "ನೌಕರಿ ಹತ್ತಿದಾಗಿಂದ ಒಂದ ದಿನಾ ರಜಾ ಹಾಕಿಲ್ಲ ನೋಡ್ರಿ ನಮ್ಮ ಹುಡುಗ" ಎಂದು ಅವನ ಸೋದರಮಾವ ಹೆಮ್ಮೆಪಟ್ಟರು. ಅಪ್ಪ ಮೆಚ್ಚಿ ತಲೆದೂಗಿದರು. ನನಗೆ ಖಾನಾಪುರದ ಬಾಜು ಮನೆಯ ಕಾಕಾ ನೆನಪಾಗಿ, ಅಲ್ಲಿ ನಿಂತಿರುವುದೇ ಕಷ್ಟವಾಯಿತು...

ಹತ್ತು-ಹನ್ನೆರಡು ವರ್ಷಗಳ ಹಿಂದೆ, ಎಪ್ಪತ್ತರ ದಶಕದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ, ನಾವು ಖಾನಾಪುರದಲ್ಲಿದ್ದೆವು. ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ದಿನಾಲೂ ರೈಲಿನಲ್ಲಿ ಬೆಳಗಾವಿಗೆ ಹೋಗಿ, ಅಲ್ಲಿನ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ಬರುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತರೆ ಆ ಮನೆಯಲ್ಲಿ ಪಾತ್ರೆಯ ಸಪ್ಪಳವೂ ನಿಲ್ಲುತ್ತಿತ್ತು. ಪೂಜೆಯಾಗದೆ ಅವರು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಆಮೇಲೆ ಮಕ್ಕಳನ್ನು ಅಕ್ಕಪಕ್ಕ ಕೂರಿಸಿಕೊಂಡು ನಿಧಾನವಾಗಿ ರೊಟ್ಟಿ ತಿನ್ನುತ್ತಿದ್ದರು. ಮಗಳ ಜಡೆಯನ್ನೂ ಅವರೇ ಹೆಣೆಯುತ್ತಿದ್ದರು. ಸೊಟ್ಟಗಿರುತ್ತಿತ್ತು, ಆದರೂ ಆಕೆ ಅವ್ವನ ಕೈಗೆ ತಲೆ ಕೊಡುತ್ತಿರಲಿಲ್ಲ.

ನಾನು ಕಾಲೇಜು ಸೇರುವ ಹೊತ್ತಿಗೆ ಅವರನ್ನು ಫೋರ್‌ಮನ್ ಮಾಡಿದ್ದರು. ಓಣಿಗೆಲ್ಲ ಪೇಢೆ ಹಂಚಿದ್ದರು. ದಿನದ ಮೊದಲ ಸಲ ಭಟ್ಟಿಯ ಕಬ್ಬಿಣ ಕರಗಿ ಅಚ್ಚಿಗೆ ಇಳಿಯುವಾಗ ಫೋರ್‌ಮನ್ ಎದುರಿಗೇ ಇರಬೇಕು. ಅದಕ್ಕಾಗಿ ಅವರು ಮಕ್ಕಳು ಏಳುವ ಮೊದಲೇ ಡಬ್ಬಿ ಹಿಡಿದು ಹೊರಡತೊಡಗಿದರು. ಪೂಜೆಯನ್ನು ಕಾರ್ಖಾನೆಯಲ್ಲೇ, ಚಹಾದ ಬಿಡುವಿನಲ್ಲಿ ಮಾಡಿಕೊಳ್ಳುತ್ತೇನೆಂದು ತಮ್ಮ ಹೆಂಡತಿ ಕಾಕೂಗೆ ಹೇಳಿದ್ದರಂತೆ. ಡಬ್ಬಿ ಪ್ರತಿದಿನ ಖಾಲಿಯಾಗಿ ಬರುತ್ತಿದ್ದರಿಂದ ಕಾಕೂ ನಿಶ್ಚಿಂತೆಯಿಂದಿದ್ದಳು.

ಬೆಳಗಾವಿಯ ಕಾಲೇಜಿನಿಂದ ಸಾಯಂಕಾಲದ ಗಾಡಿಗೆ ನಾನು ಕಾಕಾನ ಜೊತೆಗೇ ಮರಳಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಮೊದಲ ವಾರವೇ ನಿಜ ಗೊತ್ತಾಯಿತು. ಗಾಡಿ ಹೊರಟ ಮೇಲೆ ಕಾಕಾ ಡಬ್ಬಿ ಬಿಚ್ಚಿದರು. ಒಂದು ತುತ್ತನ್ನೂ ಮುಟ್ಟಿರಲಿಲ್ಲ. ರೊಟ್ಟಿ, ಪಲ್ಯ ಎಲ್ಲವನ್ನೂ ಎದುರಿಗೆ ಕುಳಿತ ಬೀಡಿ ಊರಿನ ಹಮಾಲರಿಗೆ ಕೊಟ್ಟರು. ಪಕ್ಕದಲ್ಲಿದ್ದ ಜೈನರ ಅರಿವೆ ಅಂಗಡಿಯ ಸಾವುಕಾರರಿಗೂ ಚಾಚಿದರು.

"ಹೊತ್ತ ಮುಳುಗಿತಲ್ರಿ, ನಾವು ಉಣ್ಣಾಂಗಿಲ್ಲ" ಎಂದು ಸಾವುಕಾರರು ಕೈಮುಗಿದರು. "ನಾ ಅಂಗಡಿ ಮುಚ್ಚೂತನಕ ಸೂರ್ಯಾ ನಿಲ್ಲೂದಿಲ್ಲ, ನಿಮಗ ಪೂಜಿಗೆ ಪುರುಸೊತ್ತ ಸಿಗೂದಿಲ್ಲ. ಭಾರಿ ದುಡ್ಯಾವ್ರು ನಾವು, ಇಬ್ರೂ ಉಪಾಸ, ಫೋರ್‌ಮನ್ ಸಾಹೇಬ್ರ!"

ಬೋಗಿಯಲ್ಲಿದ್ದವರೆಲ್ಲ ನಕ್ಕರು. ಕಾಕಾನೂ ನಕ್ಕರು. ನಗುವಾಗ ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು.

ನಾನು ನೋಡುತ್ತಿರುವುದು ಗೊತ್ತಾಗಿ, "ಕರಗಿದ ಕಬ್ಬಿಣ ತಡಿಯೂದಿಲ್ಲವಾ, ಶಿವ ತಡೀತಾನ. ಮನ್ಯಾಗ ಹೇಳಬ್ಯಾಡ" ಎಂದರು.

ನಾನು ಹೇಳಿದೆ. ಮರುದಿನವೇ, ನೀರು ತರಲು ಹೋದಾಗ, ಕಾಕೂಗೆ ಎರಡು ಮಾತಿನಲ್ಲಿ ಹೇಳಿ ಬಂದೆ. ಆಕೆ ಕೂಗಾಡಲಿಲ್ಲ. ಅಂದಿನಿಂದ ಕಾಕಾ ಸಂಜೆ ಬಂದು ಪೂಜೆ ಮುಗಿಸಿ ಊಟಕ್ಕೆ ಕೂರುವವರೆಗೆ ತಾನೂ ಏನೂ ತಿನ್ನದೆ ಇರತೊಡಗಿದಳು. ಆ ವಾರ ಗೋಡೆಯಾಚೆಯ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿತು.

"ನಿನಗ್ಯಾಕ ಬೇಕ ಈ ಉಪಾಸ? ಹುಚ್ಚ ಹಿಡದೈತೇನು?"

"ನಿಮ್ಮ ಶಿವ ತಡೀತಾನಂತ, ತಡೀಲಿ. ನಿಮ್ಮ ಹೊಟ್ಟಿ ತಡಿಯೂತನಕ ನಂದೂ ತಡೀತೈತಿ. ಯಾರದು ಮೊದ್ಲ ಬೀಳ್ತೈತಿ ನೋಡೂಣು."

ಕಾಕೂ ದಿನದಿನಕ್ಕೆ ಸೊರಗಿದಳು. ಕೊನೆಗೆ ಒಂದು ದಿನ ನೀರಿನ ಕೊಡ ಹೊತ್ತು ಬರುವಾಗ ಕಣ್ಣಿಗೆ ಕತ್ತಲೆ ಕಟ್ಟಿ ಬಾಗಿಲಲ್ಲೇ ಕುಸಿದಳು. ಮರುದಿನ ಕಾಕಾ ಕಾರ್ಖಾನೆಯ ಸಾಹೇಬರ ಮುಂದೆ ನಿಂತು ತಮ್ಮ ಹಳೆಯ ಕೆಲಸವನ್ನೇ ಕೇಳಿಕೊಂಡರು. ಮೇಲಿನ ಹುದ್ದೆ ಬೇಡ ಎಂದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. "ಹೇಂತಿಗೆ ಅಂಜಿ ಫೋರ್‌ಮನ್‌ಕಿ ಬಿಟ್ಟಾಂವ" ಎಂಬ ಮಾತು ಗಾಡಿಯಲ್ಲಿ ನನ್ನ ಕಿವಿಗೂ ಬಿತ್ತು. ಕಾಕಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಇನ್ನು ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಬೆಳಗಿನ ಸಮಯ ಅವರಿಗೆ ಮರಳಿ ಸಿಕ್ಕಿತ್ತು, ಮಗಳ ಜಡೆಯೂ. ಆದರೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಿದ್ದಾಗಲೇ ಅವರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ಪೂಜೆಯ ನಡುವೆಯೇ "ಗಾಡಿ ಬಂತೇನು?" ಎಂದು ಕೇಳುತ್ತಿದ್ದರು. ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದರು. ಸಂಜೆ ಮಕ್ಕಳ ಹತ್ತಿರ ಕುಳಿತರೂ ಮೊಣಕಾಲು ಅಲುಗುತ್ತಲೇ ಇರುತ್ತಿತ್ತು... ಯಾರೋ ತಮ್ಮನ್ನು ಕರೆಯುತ್ತಿದ್ದಾರೆ ಎಂಬಂತೆ ಎದ್ದು ಹೊಸ್ತಿಲಿಗೆ ಹೋಗಿ ಬರುತ್ತಿದ್ದರು. ಹೊಟ್ಟೆನೋವು ಹೋಗಲೇ ಇಲ್ಲ. ಹುದ್ದೆ ಬಿಟ್ಟುಕೊಟ್ಟದ್ದಕ್ಕೆ ಅವರು ಪಶ್ಚಾತ್ತಾಪಪಟ್ಟರೇ? ಅಥವಾ ಸುಮ್ಮನೆ ಕೂರುವುದೇ ಮರೆತುಹೋಗಿತ್ತೇ? ನನಗೆ ಇಂದಿಗೂ ತಿಳಿದಿಲ್ಲ. ಅವರನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ನಾನು ಧಾರವಾಡಕ್ಕೆ ಓದಲು ಹೋದೆ, ಅಪ್ಪ ಅವ್ವ ಬೆಳಗಾವಿಗೆ ಬಂದರು. ಕಾಕಾ ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ನಿವೃತ್ತಿಗೆ ಇನ್ನೂ ಕಾಲವಿತ್ತು. ನಾವು ಹೋದಾಗ ಅವರನ್ನು ಪದ್ಧತಿಯಂತೆ ಪಡಸಾಲೆಯಲ್ಲಿ ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಕಾಕೂ ನನ್ನ ಕೈ ಹಿಡಿದು ಬಾಜು ಕೂರಿಸಿಕೊಂಡಳು. ಆಮೇಲೆ ನನಗಷ್ಟೇ ಕೇಳುವಂತೆ, "ನೋಡವಾ... ಇವತ್ತ ಗಡಿಯಾರ ನೋಡವಲ್ರು" ಎಂದಳು.

ಈಗ ಹುಡುಗನ ಕಡೆಯವರು ಉತ್ತರಕ್ಕಾಗಿ ಕಾಯುತ್ತಿದ್ದಾರೆ. ಒಳ್ಳೆಯ ಮನೆತನ, ಓದಿದವ, ದುಡಿಯುವವ; ಬೇಡವೆನ್ನಲು ನನ್ನ ಬಳಿ ಕಾರಣವಿಲ್ಲ. ಇನ್ನೊಮ್ಮೆ ಅವನೊಡನೆ ಮಾತಾಡಬೇಕು ಎಂದಷ್ಟೇ ಹೇಳಿದ್ದೇನೆ. "ಏನ್ ಕೇಳಾಕಿ ಅದೀ?" ಎಂದು ಅವ್ವ ಎರಡು ದಿನದಿಂದ ಕಾಡುತ್ತಿದ್ದಾಳೆ. ದಿನಾ ಎಷ್ಟು ಹೊತ್ತಿಗೆ ಊಟ ಮಾಡುತ್ತೀರಿ, ಯಾರ ಜೊತೆ ಕುಳಿತು ಮಾಡುತ್ತೀರಿ ಎಂದು ಕೇಳುವುದಿದೆ ಎಂದರೆ ಆಕೆ ನಗುತ್ತಾಳೆ. ಕಾಕಾ ಇದ್ದಿದ್ದರೆ ಅವರನ್ನೇ ಕರೆತಂದು ಆ ಹುಡುಗನ ಎದುರು ಕೂರಿಸುತ್ತಿದ್ದೆ. ಅವರಿಲ್ಲ. ನಾನೇ ಕೇಳಬೇಕು.