ಕಂಬ ಎತ್ತುವ ಕೂಗು

ಮಾತು ಕೊಟ್ಟವಳು ನಾನೇ. ನಾಳೆ ಸಂಜೆಯೊಳಗೆ ನಿಮ್ಮೂರ ಟ್ಯಾಂಕಿಗೆ ನೀರು ಏರುತ್ತದೆ ಎಂದು ಮಾಗನೂರಿನಾಚೆಯ ಒಂದು ಊರಿನ ಹೆಂಗಸರಿಗೆ ಹೇಳಿಬಿಟ್ಟಿದ್ದೆ. ತೆಲಂಗಾಣ ರಾಜ್ಯ ಬಂದ ಮರುವರ್ಷದ ಬೇಸಿಗೆ ಅದು. ಗಾಳಿಮಳೆಗೆ ವಿದ್ಯುತ್ ಕಂಬಗಳು ಹೊಲದಲ್ಲಿ ಅಡ್ಡಬಿದ್ದು, ಕುಡಿಯುವ ನೀರಿನ ಮೋಟಾರು ನಿಂತಿತ್ತು. ಆ ಭಾಗದ ಲೈನುಗಳ ಇಂಜಿನಿಯರ್ ನಾನು, ಮಕ್ತಲಿನವಳು. ಖಾಲಿ ಕೊಡ ಹಿಡಿದಿದ್ದ ಮುದುಕಿಯೊಬ್ಬಳು, "ಎಲ್ಲಾರೂ ಹಿಂಗ ಹೇಳಿ ಹೋಗ್ತಾರವ್ವಾ" ಎಂದಳು. ನನಗೆ ಮೈ ಉರಿಯಿತು.

"ನಾ ಹೋಗಂಗಿಲ್ಲಬೇ. ನೀರು ಬರೋತನಕ ಇಲ್ಲೇ ಇರ್ತೀನಿ."

ಮರುದಿನ ಬೆಳಿಗ್ಗೆ ಗದ್ವಾಲದಿಂದ ಸಿಮೆಂಟ್ ಕಂಬಗಳು ಬಂದವು. ಮಳೆ ಕುಡಿದ ಎರೆಹೊಲಕ್ಕೆ ಲಾರಿ ಇಳಿಯುವಂತಿರಲಿಲ್ಲ. ರಸ್ತೆಯಿಂದ ಗುಂಡಿಯವರೆಗೆ ಹೆಗಲ ಮೇಲೆಯೇ ಹೊರಬೇಕು. ಕಂಬದಡಿ ಹಗ್ಗ ಹಾಯಿಸಿ, ಹಗ್ಗಕ್ಕೆ ಬೊಂಬು ತೂರಿಸಿ, ಎಲ್ಲರೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಹೆಜ್ಜೆ ಇಡಬೇಕು. ಅದಕ್ಕೆ ಕೂಗುವವನೊಬ್ಬ ಬೇಕೇ ಬೇಕು. ಅವನು ಒಂದು ಮಾತು ಕೂಗಿದರೆ ಉಳಿದವರು "ಹೈಸ್ಸಾ" ಎಂದು ಮುಂದೆ ಸಾಗುತ್ತಾರೆ. ನಮ್ಮ ತಂಡದಲ್ಲಿ ಕೂಗುವವನು ವಯಸ್ಸಾದ ಒಬ್ಬ ಆಳು. ಕುರಿಗಳನ್ನು ತಮ್ಮನಿಗೆ ಬಿಟ್ಟು ಕಂಬದ ಕೆಲಸಕ್ಕೆ ಬಂದವನು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ.

ಅಂದು ಕಾಕಾ ಬಾಯಿ ಬಿಡಲಿಲ್ಲ. ಯಾರಿಗೂ ಮನಸ್ಸಿರಲಿಲ್ಲ. ರಾಜ್ಯ ಬಂದರೆ ತಮ್ಮ ಕೆಲಸ ಕಾಯಂ ಆಗುತ್ತದೆ ಎಂದು ನಂಬಿ, ಚಳವಳಿಯ ಧರಣಿಯಲ್ಲಿ ಬಿಸಿಲಿಗೆ ಕೂತಿದ್ದ ದಿನಗೂಲಿಗಳು ಅವರು. ರಾಜ್ಯ ಬಂತು, ಕಾಯಂ ಮಾಡುವ ಹುಕುಂ ಬರಲಿಲ್ಲ. ಮೂಗರ ಹಾಗೆ ಕಂಬ ಎತ್ತಿದರು. ಹೆಜ್ಜೆ ತಪ್ಪಿ ಕಂಬ ವಾಲಿತು; ಒಬ್ಬನ ಕಾಲು ಕೂದಲೆಳೆಯ ಅಂತರದಲ್ಲಿ ಉಳಿಯಿತು. ಕಂಬ ಕೆಳಗಿಡಿ ಎಂದೆ.

"ನಾಕು ಬೈದ್ರ ಏಳ್ತಾರ್ರೀ ಮೇಡಂ" ಎಂದ ಫೋರ್‌ಮನ್.

ಬೈಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬೈದರೆ ಆಳು ಎದ್ದಾನು, ಕಂಬ ಏಳಬೇಕಲ್ಲ! ಹೋಗಿ ಕಾಕಾನ ಪಕ್ಕ ಬದುವಿನ ಮೇಲೆ ಕೂತೆ.

"ಯಾಕ ಕಾಕಾ, ಇವತ್ತ ಕೂಗೋದಿಲ್ಲೇನು?"

"ಕೂಗಿನ್ಯಾಗ ಸಾಹೇಬ್ರನ್ನ ಬೈತೀವ್ರೀ. ಬೈದ್ರನ ಹೆಗಲಿಗೆ ಕಸುವು. ನೀವು ಹೆಣ್ಮಗಳು, ಎದುರಿಗೇ ನಿಂತೀರಿ. ಹೆಂಗ ಬೈಯಾಕ ಆಗ್ತೈತಿ? ಮ್ಯಾಲ ಮನಸೂ ಕೆಟ್ಟೈತಿ."

"ಹಂಗಾರ ನನ್ನ ನಾನ ಬೈಕೊಂತೀನಿ."

ಎದ್ದು ದುಪಟ್ಟಾ ಸೊಂಟಕ್ಕೆ ಬಿಗಿದು ಕೂಗಿದೆ: "ಮಕ್ತಲ್ ಮೇಡಂ!" ಯಾರೂ ಬಾಯಿ ಬಿಡಲಿಲ್ಲ. "ಮೂಗಿನ ಮ್ಯಾಲ ಸಿಟ್ಟು!" ಹಿಂದೆ ಯಾರೋ ಕಿಸಕ್ಕೆಂದರು. "ಅಡಿಗಿ ಬರಂಗಿಲ್ಲ, ಅಪ್ಪಣಿ ಮಾತ್ರ ಬಾಳ!"

ಕಾಕಾನಿಗೆ ತಡೆಯಲಾಗಲಿಲ್ಲ. "ಬೀರಪ್ಪನಾಣಿ, ಹಂಗಲ್ರೀ ಮೇಡಂ! ಇಷ್ಟುದ್ದ ಕೂಗಿದ್ರ ಕಾಲು ಯಾವಾಗ ಇಡ್ಬೇಕು? ಸರೀರಿ ಆಕಡಿ" ಎನ್ನುತ್ತ ಎದ್ದೇಬಿಟ್ಟ.

"ಮಕ್ತಲ್ ಮೇಡಂ!"

"ಹೈಸ್ಸಾ!"

"ಬಿಸಿಲಿಗಿಂತ ಬಿರುಸು!"

"ಹೈಸ್ಸಾ!"

ಕಂಬ ಎದ್ದಿತು. ಕೆಸರು ಮೊಣಕಾಲಿಗೆ ಬಂದರೂ ನಿಲ್ಲಲಿಲ್ಲ. ನನ್ನ ಮಾನ ಹೊಲದ ತುಂಬ ಹರಾಜಾಗುತ್ತಿತ್ತು, ನನಗೋ ಹೇಳಲಾರದಷ್ಟು ಖುಷಿ. ಅರ್ಧ ದಾರಿಯಲ್ಲಿ ಕಾಕಾನ ದನಿ ಬದಲಾಯಿತು.

"ರಾಜ್ಯ ಬಂತು!"

"ಹೈಸ್ಸಾ!"

"ಹುಕುಂ ಬರಲಿಲ್ಲ!"

ದನಿಗಳು ಅಳುಕಿದವು. ಫೋರ್‌ಮನ್ ನನ್ನ ಮುಖ ನೋಡಿದ. ಆ ಮಾತಿಗೆ ನಾನು ದನಿಗೂಡಿಸಿದರೆ ಅಧಿಕಾರಿಯೇ ಒಪ್ಪಿದ ಹಾಗೆ. ಒಪ್ಪದೆ ಏನು? ಇದ್ದದ್ದೇ ಅದು. ಎಲ್ಲರಿಗಿಂತ ಜೋರಾಗಿ ನಾನೇ "ಹೈಸ್ಸಾ!" ಎಂದೆ.

ಕಂಬ ನಿಲ್ಲಿಸಿ, ತಂತಿ ಎಳೆದು, ಹೊತ್ತು ಮುಳುಗುವ ಮುಂಚೆ ಮೋಟಾರು ಹಾಕಿದೆವು. ನಳ ಬುಸುಗುಟ್ಟಿ, ಕೆಂಪು ನೀರು ಕಕ್ಕಿ, ಆಮೇಲೆ ತಿಳಿಯಾಯಿತು. ಮುದುಕಿ ತನ್ನ ಕೊಡ ತುಂಬಿಸಿ ಮೊದಲು ಆಳುಗಳಿಗೆ ಕುಡಿಸಿದಳು. "ಇದ್ದೆಲ್ಲವ್ವಾ, ಹೇಳ್ದಂಗ" ಎಂದು ನನ್ನ ಗದ್ದ ಹಿಡಿದಳು. ಕಾಕಾ ಬೊಗಸೆಯಲ್ಲಿ ನೀರು ಕುಡಿದು ಮೀಸೆ ಒರೆಸಿಕೊಂಡ.

"ಮೇಡಂ, ಹುಕುಂ ಬರ್ತೈತೇನ್ರೀ?"

ಇದಕ್ಕೆ ಮಾತು ಕೊಡುವುದು ನನ್ನ ಕೈಯಲ್ಲಿರಲಿಲ್ಲ. "ಗೊತ್ತಿಲ್ಲ ಕಾಕಾ. ಕೇಳೋದಂತೂ ಬಿಡಂಗಿಲ್ಲ" ಎಂದೆ.

ನಮ್ಮ ಇಲಾಖೆಯ ಮುಂದಿನ ಸಭೆ ನಾರಾಯಣಪೇಟೆಯಲ್ಲಿ. ಮೇಲಧಿಕಾರಿಗಳ ಎದುರು ಎದ್ದು ನಿಂತು ದಿನಗೂಲಿಗಳನ್ನು ಕಾಯಂ ಮಾಡುವ ಹುಕುಂ ಎಲ್ಲಿ ಎಂದು ಕೇಳಿದೆ. ಎಲ್ಲರೂ ಫೈಲು ತಿರುವುತ್ತ ಕೂತರು, ಒಬ್ಬರೂ ದನಿಗೂಡಿಸಲಿಲ್ಲ. ಹೊಲದಲ್ಲೂ ನನ್ನ ಮೊದಲ ಕೂಗಿಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಮರುತಿಂಗಳ ಸಭೆಯಲ್ಲಿ ಮತ್ತೆ ಎದ್ದು ನಿಂತೆ.